ಡಿಆರ್ ಸರ್ವರ್‌ಗಳನ್ನು ನೋಡಿಕೊಳ್ಳಲು ಯಾವ ಟೂಲ್ ಒಳ್ಳೆಯದು?

ನಿಮ್ಮ ಪ್ರಶ್ನೆ ಇಷ್ಟು: ಕಂಪನಿಯ ಮುಖ್ಯ ಡೇಟಾ ಸೆಂಟರ್ ಮುಂಬೈಯಲ್ಲಿದೆ. ಬ್ಯಾಕಪ್ ಡೇಟಾ ಸೆಂಟರ್, ಅಂದರೆ ಡಿಆರ್, ಬೆಂಗಳೂರಿನಲ್ಲಿದೆ. ಅಲ್ಲಿರುವ ಸುಮಾರು ಮೂವತ್ತು ಸರ್ವರ್‌ಗಳ ಜವಾಬ್ದಾರಿ ಈಗ ನಿಮ್ಮ ಹೆಗಲಿಗೆ ಬಿದ್ದಿದೆ. ಹೆಚ್ಚಿನವು ಲಿನಕ್ಸ್, ಡೇಟಾಬೇಸ್ ಪೋಸ್ಟ್‌ಗ್ರೆಸ್. ಎಲ್ಲವನ್ನೂ ಒಂದೇ ಪರದೆಯಲ್ಲಿ ತೋರಿಸುವ ದೊಡ್ಡ ಟೂಲ್ ಒಂದನ್ನು ಕೊಳ್ಳೋಣ ಅಂತ ಮ್ಯಾನೇಜರ್ ಹೇಳುತ್ತಿದ್ದಾರೆ. ಯಾವುದು ಒಳ್ಳೆಯದು?

ನನ್ನದೂ ಇದೇ ಕೆಲಸ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಯಾವ ಟೂಲ್ ಅನ್ನುವುದು ಆಮೇಲಿನ ಮಾತು. ಆ ಟೂಲ್ ಯಾವ ಊರಲ್ಲಿ ಕೂತಿದೆ ಅಂತ ಮೊದಲು ನೋಡಿ. ಡಿಆರ್ ನೋಡಿಕೊಳ್ಳುವ ಟೂಲ್ ಮುಂಬೈಯ ಸರ್ವರ್ ಮೇಲೆ ರನ್ ಆಗುತ್ತಿದ್ದರೆ, ಮುಂಬೈ ಕೈಕೊಟ್ಟ ದಿನ ಟೂಲೂ ಕೈಕೊಡುತ್ತದೆ. ಬೆಂಗಳೂರಿನ ಸರ್ವರ್‌ಗಳೆಲ್ಲ ಗಟ್ಟಿಮುಟ್ಟಾಗಿ ನಡೆಯುತ್ತಿರುತ್ತವೆ, ಆದರೆ ಒಳಗೆ ಹೋಗಲು ನಿಮಗೆ ದಾರಿ ಇರುವುದಿಲ್ಲ. ಮನೆಯ ಎರಡನೇ ಕೀಲಿಕೈಯನ್ನು ಮನೆಯೊಳಗೇ ಇಟ್ಟು ಬೀಗ ಹಾಕಿಕೊಂಡು ಹೋದ ಹಾಗೆ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಗಂಟೆಗಟ್ಟಲೆ ನಿಂತಿದ್ದು ನೆನಪಿದೆ ಅಲ್ವಾ? ನೆಟ್‌ವರ್ಕಿನ ಸಾಮರ್ಥ್ಯ ಅಳೆಯಲು ಕೊಟ್ಟ ಒಂದು ಕಮಾಂಡ್ ಅವರ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕವನ್ನೇ ಕಡಿದು ಹಾಕಿತು. ಅಂಥ ಕಮಾಂಡನ್ನು ತಡೆಯಬೇಕಿದ್ದ ಆಡಿಟ್ ಟೂಲ್‌ನಲ್ಲೇ ಬಗ್ ಇತ್ತು. ಹೆಸರಿನಿಂದ ಸರ್ವರ್ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಹೋಯಿತು. ಅದನ್ನೇ ನಂಬಿಕೊಂಡಿದ್ದ ಒಳಗಿನ ಟೂಲ್‌ಗಳೂ ಹೋದವು. ಕೊನೆಗೆ ಎಂಜಿನಿಯರ್‌ಗಳೇ ಡೇಟಾ ಸೆಂಟರ್‌ಗೆ ಹೋಗಿ ಸರಿಮಾಡಬೇಕಾಯಿತು. ಅಷ್ಟು ದೊಡ್ಡವರಿಗೇ ಹೀಗೆ.

ಹಾಗಾಗಿ ಬೆಂಗಳೂರಿನಲ್ಲೇ ಒಂದು ಸಣ್ಣ ಅಡ್ಮಿನ್ ಸರ್ವರ್ ಇಡಿ. ನಾಲ್ಕು ಕೋರ್, 16 ಜಿಬಿ ರ‍್ಯಾಮ್ ಇದ್ದರೆ ಸಾಕು. ಆನ್ಸಿಬಲ್ (ಹಲವು ಸರ್ವರ್‌ಗಳನ್ನು ಒಂದೇ ಕಡೆಯಿಂದ ಸೆಟ್ ಮಾಡುವ ಟೂಲ್), ಸ್ಕ್ರಿಪ್ಟ್ ಮತ್ತು ಕಾನ್ಫಿಗ್ ಇಡುವ ಗಿಟ್ ರೆಪೊದ ಪೂರ್ತಿ ಪ್ರತಿ, ಮಾನಿಟರಿಂಗ್, ಪಾಸ್‌ವರ್ಡ್ ವಾಲ್ಟ್‌ನ ಪ್ರತಿ, ಓಎಸ್‌ಗಳನ್ನು ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲ್‌ಗಳು, ಎಲ್ಲ ಅದರಲ್ಲೇ ಇರಲಿ. ಆ ಸರ್ವರ್‌ಗೆ ವಿಪಿಎನ್, ಅಂದರೆ ಹೊರಗಿನಿಂದ ಒಳಬರುವ ಸುರಕ್ಷಿತ ದಾರಿ, ನೇರವಾಗಿ ಬೆಂಗಳೂರಿಗೇ ಇರಬೇಕು, ಮುಂಬೈ ಸುತ್ತಿಕೊಂಡು ಬರಬಾರದು. ಲಾಗಿನ್ ಯಾರನ್ನು ಕೇಳುತ್ತದೆ ಅಂತಲೂ ನೋಡಿ. ಲಾಗಿನ್‌ಗಳ ಪಟ್ಟಿ ಇಡುವ ಆಕ್ಟಿವ್ ಡೈರೆಕ್ಟರಿ ಮುಂಬೈಯಲ್ಲಿ, ಒಟಿಪಿ ಸರ್ವರ್ ಮುಂಬೈಯಲ್ಲಿ ಅಂತಾದರೆ ಬೆಂಗಳೂರಿನ ವಿಪಿಎನ್ ಇದ್ದೂ ಸುಮ್ನೆ. ಆಕ್ಟಿವ್ ಡೈರೆಕ್ಟರಿ ನಡೆಸುವ ಒಂದು ಡೊಮೇನ್ ಕಂಟ್ರೋಲರ್ ಡಿಆರ್‌ನಲ್ಲಿರಲಿ. ಅದರ ಜೊತೆಗೆ ಪ್ರತಿ ಸರ್ವರ್‌ನಲ್ಲಿ ಒಂದು ಲೋಕಲ್ ಅಕೌಂಟ್ ಇರಲಿ. ಅದರ ಪಾಸ್‌ವರ್ಡ್ ಲಕೋಟೆಯಲ್ಲಿ ಹಾಕಿ ಸೀಲ್ ಮಾಡಿ ಇಡುವುದು ಹಳೇ ಪದ್ಧತಿ, ಈಗಲೂ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಡಿಆರ್‌ನಲ್ಲಿ ಸಾಮಾನ್ಯವಾಗಿ ನಮ್ಮ ಜನ ಯಾರೂ ಕೂತಿರುವುದಿಲ್ಲ. ಆದ್ದರಿಂದ ಸರ್ವರ್ ಒಳಗಿನ ರಿಮೋಟ್ ಕಾರ್ಡೇ ನಿಮ್ಮ ಕೈಕಾಲು. ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಯಲ್ಲಿ ಐಎಲ್‌ಒ. ಓಎಸ್ ಸತ್ತಿದ್ದರೂ ಇವು ಬದುಕಿರುತ್ತವೆ. ಪವರ್ ಆಫ್-ಆನ್ ಮಾಡಬಹುದು, ಬಯಾಸ್ ನೋಡಬಹುದು, ಡಿಸ್ಕ್ ಹೋಗಿದೆಯಾ ತಿಳಿಯಬಹುದು. ಇವನ್ನು ಬೇರೆ ಸ್ವಿಚ್‌ಗೆ, ಬೇರೆ ವಿಎಲ್ಯಾನ್‌ಗೆ (ಪ್ರತ್ಯೇಕಿಸಿದ ನೆಟ್‌ವರ್ಕ್ ಭಾಗಕ್ಕೆ) ಹಾಕಿ. ಇಂಟರ್‌ನೆಟ್‌ಗೆ ಮಾತ್ರ ತೆರೆದಿಡಬೇಡಿ. ಐಎಲ್‌ಒ 4ರಲ್ಲಿ 2017ರಲ್ಲಿ ಒಂದು ತೂತು ಹೊರಬಂತು. ಎಚ್‌ಟಿಟಿಪಿಯ ಕನೆಕ್ಷನ್ ಹೆಡರ್‌ನಲ್ಲಿ ‘ಎ’ ಅಕ್ಷರವನ್ನು 29 ಸಲ ಬರೆದು ಕಳಿಸಿದರೆ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತಿತ್ತು! ಕಾರ್ಡಿನೊಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, 2.53ರಲ್ಲಿ ಸರಿಯಾಯಿತು. ಡಿಆರ್‌ಗೆ ಹಳೇ ಸರ್ವರ್‌ಗಳನ್ನು ತಳ್ಳುವುದು ಎಲ್ಲ ಕಡೆ ಇರುವ ರೂಢಿ, ಹಾಗಾಗಿ ನಿಮ್ಮಲ್ಲಿ ಯಾವ ಫರ್ಮ್‌ವೇರ್ ಇದೆ ಅಂತ ಒಮ್ಮೆ ನೋಡಿಬಿಡಿ. ಹಳೇ ಡೆಲ್ ಸರ್ವರ್ ಆದರೆ ಯೂಸರ್ ‘ರೂಟ್’, ಪಾಸ್‌ವರ್ಡ್ ‘ಕ್ಯಾಲ್ವಿನ್’ ಅನ್ನುವ ಫ್ಯಾಕ್ಟರಿ ಲಾಗಿನ್ ಇನ್ನೂ ಹಾಗೇ ಇದೆಯಾ ಅಂತಲೂ ನೋಡಿ. ಇಡೀ ಲೋಕಕ್ಕೇ ಗೊತ್ತಿರುವ ಪಾಸ್‌ವರ್ಡ್ ಅದು.

ಇನ್ನು ಆನ್ಸಿಬಲ್. ಇದಕ್ಕೆ ಪ್ರತಿ ಸರ್ವರ್‌ನಲ್ಲಿ ಏಜೆಂಟ್ ಹಾಕಬೇಕಿಲ್ಲ, ಎಸ್‌ಎಸ್‌ಎಚ್ ಮತ್ತು ಪೈಥಾನ್ ಇದ್ದರೆ ಸಾಕು. ಮೂವತ್ತು ಸರ್ವರ್‌ಗೆ ಇದಕ್ಕಿಂತ ದೊಡ್ಡದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಮುಂಬೈ ಮತ್ತು ಡಿಆರ್‌ಗೆ ಪ್ಲೇಬುಕ್ (ಮಾಡಬೇಕಾದ ಕೆಲಸಗಳನ್ನು ಬರೆದ ಫೈಲ್) ಒಂದೇ ಇರಲಿ, ಇನ್ವೆಂಟರಿ (ಸರ್ವರ್‌ಗಳ ಪಟ್ಟಿ) ಮಾತ್ರ ಬೇರೆ ಬೇರೆ ಇರಲಿ. ಎರಡೂ ಕಡೆ ನಿಜವಾಗಿ ಬೇರೆ ಇರಬೇಕಾದ್ದನ್ನು, ಅಂದರೆ ಐಪಿ, ಗೇಟ್‌ವೇ, ಯಾವ ಸರ್ವಿಸ್ ಆನ್ ಇರಬೇಕು ಅನ್ನುವುದನ್ನು, ವೇರಿಯಬಲ್ ಫೈಲ್‌ನಲ್ಲಿ ಬರೆಯಿರಿ.

ಆ ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನನಗೆ ಗೊತ್ತಿರುವ ಒಂದು ಕಡೆ ಪ್ಯಾಚ್ ಹಾಕುವ ಪ್ಲೇಬುಕ್ ಡಿಆರ್ ಸರ್ವರ್‌ಗಳನ್ನು ರೀಬೂಟ್ ಮಾಡಿತು. ಕೊನೆಯ ಸಾಲಿನಲ್ಲಿ ‘ಎಲ್ಲ ಸರ್ವಿಸ್ ಸ್ಟಾರ್ಟ್ ಮಾಡು’ ಅಂತ ಇತ್ತು. ಎಸ್‌ಎಂಎಸ್ ಕಳಿಸುವ ಸರ್ವಿಸ್ ಡಿಆರ್‌ನಲ್ಲೂ ಎದ್ದು ಕೂತಿತು. ಅದು ರೆಪ್ಲಿಕಾ ಡೇಟಾಬೇಸ್ (ಮುಖ್ಯ ಡೇಟಾಬೇಸಿನ ಜೊತೆಜೊತೆಗೇ ಬದಲಾಗುವ ನಕಲು) ಓದಿತು, ಬಾಕಿ ಕಟ್ಟಿ ಅಂತ ಗ್ರಾಹಕರಿಗೆಲ್ಲ ಎರಡೆರಡು ಮೆಸೇಜ್ ಹೋಯಿತು. ಡೇಟಾಬೇಸ್ ಓದಲು ಮಾತ್ರ ತೆರೆದಿದೆ, ಏನೂ ಆಗಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ಮೆಸೇಜ್ ಕಳಿಸಲು ಓದಿದರೆ ಸಾಕಲ್ಲ! ಈ ಥರದ ಸರ್ವಿಸ್, ಹೊತ್ತಿಗೆ ಸರಿಯಾಗಿ ತಾನಾಗೇ ಓಡುವ ಕ್ರಾನ್ ಜಾಬ್‌ಗಳ ಒಂದು ಪಟ್ಟಿ ಮಾಡಿ. ಡಿಆರ್‌ನಲ್ಲಿ ಕ್ರಾನ್ ಜಾಬ್‌ಗಳು ತೆಗೆದಿರಲಿ, ಸರ್ವಿಸ್‌ಗಳು ಮಾಸ್ಕ್ (ಯಾರು ಕೇಳಿದರೂ ಸ್ಟಾರ್ಟ್ ಆಗದ ಹಾಗೆ) ಆಗಿರಲಿ, ಸುಮ್ನೆ ಸ್ಟಾಪ್ ಆಗಿದ್ದರೆ ಸಾಲದು. ಪ್ಲೇಬುಕ್ ಓಡಿಸುವ ಮೊದಲು ಚೆಕ್ ಮತ್ತು ಡಿಫ್ ಆಯ್ಕೆ ಕೊಟ್ಟು, ನಿಜವಾಗಿ ಏನನ್ನೂ ಬದಲಿಸದೆ, ಏನೇನು ಬದಲಾಗುತ್ತದೆ ನೋಡಿ. ವಾರಕ್ಕೊಮ್ಮೆ ಹೀಗೆ ಚೆಕ್ ಮಾತ್ರ ಓಡಿಸಿದರೆ ಎರಡು ಕಡೆಗಳ ನಡುವಿನ ವ್ಯತ್ಯಾಸವೂ ಸಿಗುತ್ತದೆ. ಮುಂಬೈಯಲ್ಲಿ ಯಾರೋ ರಾತ್ರಿ ಅವಸರದಲ್ಲಿ ಕೈಯಾರೆ ತಿದ್ದಿದ ಕಾನ್ಫಿಗ್ ಫೈಲ್ ಕಣ್ಣಿಗೆ ಬೀಳುವುದು ಹೀಗೇ.

ಮಾನಿಟರಿಂಗ್‌ಗೆ, ಅಂದರೆ ಸರ್ವರ್‌ಗಳ ಮೇಲೆ ಕಣ್ಣಿಡಲು, ಜಬಿಕ್ಸ್ ಅನ್ನುವ ಟೂಲ್ ಸಾಕು. ಡಿಆರ್‌ನಲ್ಲಿ ಬರೀ ಜಬಿಕ್ಸ್ ಪ್ರಾಕ್ಸಿ ಇಟ್ಟರೆ ಅದು ಮಾಹಿತಿಯನ್ನು ಮುಂಬೈಗೆ ಕಳಿಸಲು ಕಾಯುತ್ತಾ ಕೂರುತ್ತದೆ, ತಾನಾಗಿ ಅಲರ್ಟ್ ಕೊಡುವುದಿಲ್ಲ. ಅಲ್ಲಿ ಒಂದು ಪೂರ್ತಿ ಜಬಿಕ್ಸ್ ಸರ್ವರ್ ಇಡಿ. ಮುಂಬೈಯದು ಇದನ್ನು ನೋಡಲಿ, ಇದು ಮುಂಬೈಯದನ್ನು ನೋಡಲಿ. ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಮುಗಿಯುವ ದಿನವನ್ನು ವೆಬ್‌ಸೈಟ್ ಹೆಸರಿನಿಂದ ನೋಡಿದರೆ ಅದು ಯಾವಾಗಲೂ ಮುಂಬೈಗೇ ಹೋಗುತ್ತದೆ, ಎಲ್ಲ ಹಸಿರಾಗೇ ಕಾಣುತ್ತದೆ. ಡಿಆರ್ ಐಪಿಗೆ ನೇರವಾಗಿ ಕೇಳಿಸಿ.

ರೆಪ್ಲಿಕೇಶನ್, ಅಂದರೆ ಮುಂಬೈಯ ಡೇಟಾ ಡಿಆರ್‌ಗೆ ನಕಲಾಗುವುದು, ಎಷ್ಟು ಹಿಂದಿದೆ ಅನ್ನುವುದು ನೀವು ದಿನಾ ನೋಡಬೇಕಾದ ಅಂಕಿ. ಪೋಸ್ಟ್‌ಗ್ರೆಸ್ ರೆಪ್ಲಿಕಾದಲ್ಲಿ ಕೊನೆಯ ವ್ಯವಹಾರದ ಹೊತ್ತನ್ನು ಈಗಿನ ಹೊತ್ತಿನಿಂದ ಕಳೆದು ನೋಡುವುದು ರೂಢಿ. ಆದರೆ ನಡುರಾತ್ರಿ ಮುಂಬೈಯಲ್ಲಿ ಬರೆಯುವವರೇ ಇಲ್ಲದಿದ್ದಾಗ ಈ ಅಂಕಿ ಸುಳ್ಳಾಗಿ ಏರುತ್ತದೆ. ಮುಂಬೈಯಲ್ಲಿ ನಿಮಿಷಕ್ಕೊಮ್ಮೆ ಒಂದು ಟೇಬಲ್‌ಗೆ ಸಮಯ ಬರೆಸಿ, ಅದನ್ನು ಡಿಆರ್‌ನಲ್ಲಿ ಓದಿ ನೋಡಿ. ಎರಡೂ ಕಡೆಯ ಗಡಿಯಾರ ಸರಿಯಿದ್ದರೆ ಇದಕ್ಕಿಂತ ನಂಬಿಕೆಯ ಅಳತೆ ಬೇರೆ ಇಲ್ಲ.

ಮುಂಬೈ-ಬೆಂಗಳೂರು ನಡುವಿನ ಲಿಂಕ್ ಲೆಕ್ಕವನ್ನೂ ಮಾಡಿ. ದಿನಕ್ಕೆ 60 ಜಿಬಿ ಬದಲಾವಣೆ ಅಂದರೆ ಸರಾಸರಿ 5.6 ಎಂಬಿಪಿಎಸ್ ಅಷ್ಟೇ, 20 ಎಂಬಿಪಿಎಸ್ ಲಿಂಕ್ ಧಾರಾಳ ಅನ್ನಿಸುತ್ತದೆ. ಅದರಲ್ಲಿ 40 ಜಿಬಿ ದಿನದ ಕೊನೆಯ ಬ್ಯಾಚ್ ಓಡುವ ಎರಡು ಗಂಟೆಯಲ್ಲೇ ಹುಟ್ಟಿದರೆ? ಆಗ 44 ಎಂಬಿಪಿಎಸ್ ಬೇಕು. ಬ್ಯಾಚ್ ಮುಗಿಯುವ ಹೊತ್ತಿಗೆ ಡಿಆರ್ ಒಂದು ಗಂಟೆಗಿಂತ ಜಾಸ್ತಿ ಹಿಂದೆ ಬಿದ್ದಿರುತ್ತದೆ. ಕಾಗದದ ಮೇಲೆ ಮಾತ್ರ ‘ಹದಿನೈದು ನಿಮಿಷದ ಡೇಟಾಗಿಂತ ಹೆಚ್ಚು ಹೋಗಲ್ಲ’ ಅಂತ ಇರುತ್ತದೆ.

ಇನ್ನೊಂದು ಅಪಾಯ ಉಲ್ಟಾ ದಿಕ್ಕಿನದು. ರೆಪ್ಲಿಕೇಶನ್ ಸ್ಲಾಟ್ (ರೆಪ್ಲಿಕಾ ಎಲ್ಲಿಯವರೆಗೆ ಓದಿದೆ ಅಂತ ಮುಖ್ಯ ಡೇಟಾಬೇಸ್ ಇಡುವ ಗುರುತು) ಬಳಸುತ್ತಿದ್ದರೆ, ಡಿಆರ್ ನಿಂತಾಗ ಮುಂಬೈ ಡೇಟಾಬೇಸ್ ತನ್ನ ಲಾಗ್‌ಗಳನ್ನು ಅಳಿಸದೆ ಕಾದಿಡುತ್ತದೆ. ಡಿಸ್ಕ್ ತುಂಬಿ ಮುಂಬೈಯೇ ಮಲಗುತ್ತದೆ. ಕಾಪಾಡಬೇಕಾದ ಡಿಆರೇ ಮುಖ್ಯ ಸರ್ವರನ್ನು ಬೀಳಿಸುವುದು ಹೀಗೆ. ಪೋಸ್ಟ್‌ಗ್ರೆಸ್ 13ರಿಂದ ಇದಕ್ಕೆ ಮಿತಿ ಹಾಕುವ ಸೆಟ್ಟಿಂಗ್ ಬಂದಿದೆ, ಹಾಕಿಬಿಡಿ.

ರೆಪ್ಲಿಕಾ ಇದೆ ಅಂತ ಬ್ಯಾಕಪ್ ಬಿಡಬೇಡಿ. ಮುಂಬೈಯಲ್ಲಿ ಟೇಬಲ್ ಅಳಿಸಿದರೆ ಸೆಕೆಂಡುಗಳಲ್ಲಿ ಬೆಂಗಳೂರಿನಲ್ಲೂ ಅಳಿಯುತ್ತದೆ. 2017ರ ಜನವರಿ 31ರಂದು ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನ ಒಬ್ಬ ಎಂಜಿನಿಯರ್ ರೆಪ್ಲಿಕಾದ ಫೋಲ್ಡರ್ ಅಳಿಸಲು ಹೋಗಿ ಮುಖ್ಯ ಡೇಟಾಬೇಸಿನದನ್ನೇ ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ. ಬ್ಯಾಕಪ್ ಹುಡುಕಿದರೆ ಅದೂ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯುವ ಟೂಲ್ 9.2. ಆವೃತ್ತಿ ಹೊಂದದೆ ಬ್ಯಾಕಪ್ ಸುಮ್ನೆ ಫೇಲ್ ಆಗುತ್ತಿತ್ತು. ಫೇಲ್ ಆಯಿತು ಅನ್ನುವ ಇಮೇಲ್‌ಗಳು ನಕಲಿ ಮೇಲ್ ತಡೆಯುವ ಡಿಮಾರ್ಕ್ ನಿಯಮದಿಂದ ತಿರಸ್ಕಾರವಾಗಿ ಯಾರಿಗೂ ಮುಟ್ಟಿರಲಿಲ್ಲ. ಬೇರೆ ಕೆಲಸಕ್ಕೆ ಅಂತ ಆರು ಗಂಟೆ ಮೊದಲು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಡೇಟಾದ ನಕಲು) ಅವರನ್ನು ಉಳಿಸಿತು. ಇದರಿಂದ ಎರಡು ಕೆಲಸ ಕಲಿಯಬಹುದು. ಮುಂಬೈ ಮತ್ತು ಡಿಆರ್ ಟರ್ಮಿನಲ್ ಪ್ರಾಂಪ್ಟ್‌ಗಳಿಗೆ ಬೇರೆ ಬಣ್ಣ ಕೊಡಿ. ಫೇಲ್ ಆದಾಗ ಮಾತ್ರ ಮೇಲ್ ಕಳಿಸುವ ಬದಲು, ಬ್ಯಾಕಪ್ ಫೈಲಿನ ಗಾತ್ರ ಮತ್ತು ಸಮಯವನ್ನು ಮಾನಿಟರಿಂಗ್‌ನಿಂದ ನೋಡಿಸಿ.

ಡ್ರಿಲ್, ಅಂದರೆ ಕೆಲಸವನ್ನು ಡಿಆರ್‌ಗೆ ಬದಲಾಯಿಸಿ ನೋಡುವ ಅಭ್ಯಾಸ, ಅದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2021ರ ಫೆಬ್ರವರಿ 24ರಂದು ಷೇರುಪೇಟೆ ಎನ್‌ಎಸ್‌ಇಯಲ್ಲಿ ವಹಿವಾಟು 11:40ಕ್ಕೆ ನಿಂತು ಮಧ್ಯಾಹ್ನ 3:45ಕ್ಕೆ ಮತ್ತೆ ಶುರುವಾಯಿತು. ಡಿಆರ್ ಇತ್ತು, ಅದಕ್ಕೆ ಬದಲಾಯಿಸಲಿಲ್ಲ. ಅದಾದ ಮೇಲೆ ಷೇರುಪೇಟೆಯ ನಿಯಂತ್ರಕ ಸೆಬಿ ಎಕ್ಸ್‌ಚೇಂಜ್‌ಗಳಿಗೆ ಡಿಆರ್ ಬದಲಾವಣೆಯ ಸಮಯಮಿತಿಯನ್ನು 45 ನಿಮಿಷ ಮಾಡಿತು. 2024ರ ಮಾರ್ಚ್ 2, ಶನಿವಾರ, ಅದೇ ಎನ್‌ಎಸ್‌ಇ ಬೆಳಿಗ್ಗೆ 9:15ರಿಂದ 10ರವರೆಗೆ ಮುಖ್ಯ ಸೈಟ್‌ನಿಂದ, 11:30ರಿಂದ 12:30ರವರೆಗೆ ಡಿಆರ್‌ನಿಂದ ನಿಜವಾದ ವಹಿವಾಟನ್ನೇ ನಡೆಸಿತು. ನಿಮ್ಮ ಡ್ರಿಲ್‌ಗೆ ಒಂದೇ ಷರತ್ತು ಹಾಕಿ: ಡಿಆರ್ ಫೈರ್‌ವಾಲ್‌ನಲ್ಲಿ ಮುಂಬೈಯ ಎಲ್ಲ ಐಪಿ ಬ್ಲಾಕ್ ಮಾಡಿ ಶುರು ಮಾಡಬೇಕು. ಎಲ್ಲಿ ನೇತಾಡಿಕೊಂಡಿದ್ದೀರಿ ಅಂತ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. ಲೈಸೆನ್ಸ್ ಸರ್ವರ್, ಗಡಿಯಾರ ಸರಿಮಾಡುವ ಎನ್‌ಟಿಪಿ, ಸಾಫ್ಟ್‌ವೇರ್ ಕೊಡುವ ಪ್ಯಾಕೇಜ್ ರೆಪೊ, ಒಂದೊಂದೇ ಹೊರಗೆ ಬರುತ್ತವೆ.

ಮ್ಯಾನೇಜರ್ ಹೇಳುವ ದೊಡ್ಡ ಟೂಲ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ವಿಎಂವೇರ್ ಜಾಸ್ತಿ ಇದ್ದರೆ, ವಿಎಂಗಳನ್ನು (ಒಂದೇ ಯಂತ್ರದೊಳಗೆ ಓಡುವ ವರ್ಚುವಲ್ ಸರ್ವರ್‌ಗಳನ್ನು) ಸರಿಯಾದ ಕ್ರಮದಲ್ಲಿ ಎಬ್ಬಿಸಲು ಅಂಥದ್ದು ಉಪಯೋಗಕ್ಕೆ ಬರುತ್ತದೆ. ಮಾರಲು ಬಂದವರಿಗೆ ಎರಡು ಮಾತು ಕೇಳಿ. ಡಿಆರ್‌ನಲ್ಲಿ ಇನ್ನೊಂದು ಕನ್ಸೋಲ್ ಹಾಕಿದರೆ ಅದಕ್ಕೆ ಬೇರೆ ಲೈಸೆನ್ಸ್ ಕೊಳ್ಳಬೇಕಾ? ಮತ್ತೆ, ಡೆಮೊ ನಡೆಯುವಾಗ ಮುಖ್ಯ ಸೈಟಿನ ಕನ್ಸೋಲ್ ಆಫ್ ಮಾಡಿ ತೋರಿಸುತ್ತೀರಾ?