ಸಸಿ ತರುವ ಮೊದಲು ಬದು ನೋಡಿ

ಪ್ರಶ್ನೆ: ವಿದೇಶಿ ನೆರವಿನ ಸಂಸ್ಥೆಯೊಂದು ನಮ್ಮೂರಲ್ಲಿ ಐದು ಸಾವಿರ ಸಸಿ ನೆಡ್ತೀವಿ, ಭೂಮಿಗೆ ಮತ್ತೆ ಜೀವ ತುಂಬ್ತೀವಿ ಅಂತಿದೆ. ಹಿಂದೆ ಇಂಥದ್ದೇ ದುಡ್ಡಲ್ಲಿ ಕೆರೆ ಹೂಳು ತೆಗೆದರು. ಈಗ ತೂಬಿನ ಬಾಗಿಲು ಮುರಿದಿದೆ, ಕೇಳೋರಿಲ್ಲ. ಒಪ್ಪಿಕೊಳ್ಳಬಹುದಾ ಸರ್?
– ರೈತ ಮಹಿಳೆ, ಬಾಗೇಪಲ್ಲಿ ತಾಲ್ಲೂಕು

ಉತ್ತರ: ಒಪ್ಪಿಕೊಳ್ಳಿ. ಆದರೆ ಸಸಿಯ ಲಾರಿ ಬರುವ ಮೊದಲು ಅವರನ್ನು ನಿಮ್ಮ ಹೊಲದ ಬದುವಿನ ಮೇಲೆ ಒಂದು ಸುತ್ತು ನಡೆಸಿ.

ಯಾಕೆಂದರೆ, 1980ರ ದಶಕದ ಆರಂಭದಲ್ಲಿ ಆಫ್ರಿಕಾದ ನೈಜರ್ ದೇಶದ ಮರಾಡಿ ಸೀಮೆಯಲ್ಲಿ ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನಾಡೊ ನೆಡಿಸಿದ ಸಸಿಗಳು ಬಹುಪಾಲು ಒಣಗಿಹೋದವು. ಒಂದು ದಿನ ಮರಳು ದಾರಿಯಲ್ಲಿ ಗಾಡಿಯ ಟೈರಿನ ಗಾಳಿ ಇಳಿಸಲು ನಿಂತವರು ಪಕ್ಕದ ಪೊದೆಯ ಎಲೆಯನ್ನು ದಿಟ್ಟಿಸಿದರು. ಪೊದೆ ಅಂದುಕೊಂಡಿದ್ದು ಕಡಿದ ಮರದ ಬುಡದ ಚಿಗುರು! ಅಲ್ಲಿಂದ ರೈತರು ಬಲವಾದ ಕೆಲವು ಚಿಗುರು ಬಿಟ್ಟು ಉಳಿದದ್ದನ್ನು ಸವರತೊಡಗಿದರು. ಎರಡು ದಶಕಗಳಲ್ಲಿ ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರ ಎದ್ದವು. ಕಾನೂನಿನಲ್ಲಿ ಮರ ಸರ್ಕಾರದ್ದಾಗಿದ್ದ ಆ ದೇಶದಲ್ಲಿ, ಹೊಲದ ಮರ ತನ್ನದೇ ಎಂಬ ಧೈರ್ಯ ರೈತನಿಗೆ ಬಂದದ್ದೇ ದೊಡ್ಡ ಕಾರಣ.

ನಮ್ಮಲ್ಲಿ ಅದೇ ದಶಕದಲ್ಲಿ ವಿಶ್ವ ಬ್ಯಾಂಕ್ ಮತ್ತು ಬ್ರಿಟನ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ಬಂತು. ಅವಿಭಜಿತ ಕೋಲಾರದ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿತು. 2017ರಲ್ಲಿ ಸರ್ಕಾರವೇ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು. ಆ ಹೊಲಗಳನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ನಿಮ್ಮ ಬದುವಿನಲ್ಲಿ ಸೊಪ್ಪಿಗೆಂದು ಕಡಿದ ಹೊಂಗೆ, ಬೇವಿನ ಮೋಟುಗಳಿದ್ದರೆ ಒಂದೊಂದರಲ್ಲೂ ನೆಟ್ಟಗಿನ ಎರಡು ಮೂರು ಚಿಗುರು ಬಿಟ್ಟು ಉಳಿದದ್ದನ್ನು ಸವರಿ, ಸವರಿದ್ದು ಗೊಬ್ಬರಕ್ಕಾಯಿತು. ಬೇರು ಆಗಲೇ ಆಳಕ್ಕಿಳಿದಿರುವುದರಿಂದ ಟ್ಯಾಂಕರ್ ನೀರು ಬೇಕಿಲ್ಲ. ಮೇಕೆ ಬಾಯಿ ಹಾಕದಂತೆ ಸುತ್ತ ಜಾಲಿ ಮುಳ್ಳು ಕಟ್ಟಿ. ಸಂಸ್ಥೆಯ ಹಣ ಈ ಕೂಲಿಗೆ, ಕಾವಲಿಗೆ ಹೋಗಲಿ. ಮೋಟೇ ಇಲ್ಲದ ಕಡೆ ಮಾತ್ರ ಸಸಿ ನೆಡಲಿ.

ಇನ್ನು ನಿಮ್ಮ ಕೆರೆ. ಹೂಳೆತ್ತಲು ಜೆಸಿಬಿ ಬಂತು, ನೀರುಗಂಟಿ ಮಾತ್ರ ವಾಪಸು ಬರಲಿಲ್ಲ. ತೂಬು ಎತ್ತಿ ಇಳಿಸಿ, ಕೊನೆಯ ಗದ್ದೆಗೂ ನೀರು ಹಾಯಿಸಿ, ಸುಗ್ಗಿಯಲ್ಲಿ ಕಣದ ಬಳಿ ತನ್ನ ಪಾಲು ಪಡೆಯುತ್ತಿದ್ದವನು ಅವನು. ಆ ಕೆಲಸಕ್ಕೆ ಇಂದು ಕೂಲಿ ಕೊಡುವವರು ಯಾರು? ಗ್ರಾಮಸಭೆಯಲ್ಲಿ ಸಂಸ್ಥೆಯವರನ್ನು ಎದುರಿಗೆ ಕೂರಿಸಿಕೊಂಡೇ ಕೇಳಿ: ನೀವು ಹೋದ ಮೂರನೇ ವರ್ಷ ಬಾಗಿಲು ಕೆಟ್ಟರೆ ಯಾರು, ಯಾವ ದುಡ್ಡಲ್ಲಿ ರಿಪೇರಿ ಮಾಡಿಸಬೇಕು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಆಮೇಲೆ ಸಹಿ ಹಾಕಿ.