ಓದುಗರ ಪ್ರಶ್ನೆ: ನಾಲ್ಕು ನಳಿಕೆಗೆ ಎಷ್ಟು ದಾಳ?

ಪ್ರಶ್ನೆ: ಎರಡನೆಯ ಮಹಾಯುದ್ಧದ ಮಿನಿಯೇಚರ್ ಕದನದಾಟದಲ್ಲಿ ನನ್ನ ಎದುರಾಳಿಯು ನಾಲ್ಕು ನಳಿಕೆಯ ವಿಮಾನ-ನಿರೋಧಕ ತೋಪು ಹೊತ್ತ ಜರ್ಮನಿಯ ಎಸ್‌ಡಿಕೆಎಫ್‌ಝಡ್ 7/1 ಹಾಫ್‌ಟ್ರ್ಯಾಕ್ (ಮುಂದೆ ಚಕ್ರ, ಹಿಂದೆ ಟ್ಯಾಂಕಿನಂಥ ಸರಪಳಿ ಪಟ್ಟಿ ಇರುವ) ವಾಹನವನ್ನು ವಿಮಾನಗಳ ಮೇಲಲ್ಲ, ನನ್ನ ಕಾಲಾಳುಗಳ ಮೇಲೆಯೇ ತಿರುಗಿಸುತ್ತಾನೆ. ಇತಿಹಾಸದಲ್ಲಿ ಹೀಗೆ ನಡೆದದ್ದುಂಟೇ? ಪ್ರತಿ ಸರದಿಯಲ್ಲೂ ನಾಲ್ಕೂ ನಳಿಕೆಗಳ ದಾಳಗಳನ್ನು ಉರುಳಿಸುವುದು ಸರಿಯೇ?

ಉತ್ತರ: ನಡೆದದ್ದುಂಟು, ಧಾರಾಳವಾಗಿಯೇ. 2 ಸೆಂಟಿಮೀಟರ್ ಫ್ಲಾಕ್ (ವಿಮಾನ-ನಿರೋಧಕ) ತೋಪುಗಳ ನಳಿಕೆ ಮಟ್ಟಕ್ಕಿಂತ ಕೆಳಕ್ಕೂ ಬಾಗುತ್ತಿತ್ತು. ಆದ್ದರಿಂದ ಕಾಲಾಳು, ಲಾರಿ, ತೆಳು ಕವಚದ ವಾಹನ ಯಾವುದು ಎದುರಾದರೂ ಅದರ ಮೇಲೆ ಗುಂಡು ಹಾರಿಸಲು ಅಡ್ಡಿಯಿರಲಿಲ್ಲ. ಈ ವಿಷಯದಲ್ಲಿ ನಿಮ್ಮ ಎದುರಾಳಿಯನ್ನು ದೂರುವಂತಿಲ್ಲ.

ದಾಳದ ಮಾತು ಬೇರೆ. ಫ್ಲಾಕ್‌ಫೀರ್‌ಲಿಂಗ್ 38 ಎಂಬ ಈ ನಾಲ್ಕು ನಳಿಕೆಯ ತೋಪು ಲೆಕ್ಕಕ್ಕೆ ನಿಮಿಷಕ್ಕೆ 1800 ಗುಂಡು ಹಾರಿಸಬಲ್ಲದಾದರೂ, ಪ್ರತಿ ನಳಿಕೆಯ ಮ್ಯಾಗಜೀನಿನಲ್ಲಿ, ಅಂದರೆ ಗುಂಡು ತುಂಬಿದ ಪೆಟ್ಟಿಗೆಯಲ್ಲಿ, ಇರುತ್ತಿದ್ದುದು ಕೇವಲ 20 ಗುಂಡು. ಕಾಲಡಿಯ ಪೆಡಲ್ ತುಳಿದರೆ ಮೂರು ಸೆಕೆಂಡು ಕಳೆಯುವಷ್ಟರಲ್ಲಿ ಅದು ಬರಿದು. ಪೆಡಲ್‌ಗಳು ಎರಡಿದ್ದವು, ಒಂದೊಂದೂ ಕರ್ಣಕ್ಕೆ ಎದುರಾದ ಎರಡು ನಳಿಕೆಗಳನ್ನು ಸಿಡಿಸುತ್ತಿತ್ತು. ಒಂದು ಜೋಡಿ ಗುಂಡು ಕಾರುತ್ತಿರುವಾಗ ಎರಡೂ ಬದಿಯಲ್ಲಿ ನಿಂತವರು ಇನ್ನೊಂದು ಜೋಡಿಗೆ ಹೊಸ ಮ್ಯಾಗಜೀನ್ ಸಿಕ್ಕಿಸಬಹುದಾಗಿತ್ತು. ಈ ಕೆಲಸವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ವಾಸ್ತವದ ವೇಗ ನಿಮಿಷಕ್ಕೆ ಸುಮಾರು 800ಕ್ಕೆ ಇಳಿಯುತ್ತದೆ. ಆದುದರಿಂದ ಒಂದು ಸರದಿಯಲ್ಲಿ ಪೂರ್ಣ ದಾಳ ಉರುಳಿಸಿದವನು ಮುಂದಿನ ಸರದಿಯಲ್ಲಿ ಅರ್ಧವನ್ನಷ್ಟೇ ಉರುಳಿಸಬೇಕೆಂಬ ಮನೆ-ನಿಯಮ (ಆಟಗಾರರು ತಮ್ಮಲ್ಲೇ ಒಪ್ಪಿಕೊಳ್ಳುವ ನಿಯಮ) ಮಾಡಿಕೊಳ್ಳುವುದು ನನ್ನ ಮಟ್ಟಿಗೆ ನ್ಯಾಯವೆನಿಸುತ್ತದೆ.

ನಿಮಗಿರುವ ನಿಜವಾದ ಅವಕಾಶ ಮಾತ್ರ ಬೇರೆಡೆ ಇದೆ. ಈ ವಾಹನವು ಮೂಲತಃ ತೋಪು ಎಳೆಯಲೆಂದು ಮಾಡಿದ 8 ಟನ್ ವರ್ಗದ ಟ್ರ್ಯಾಕ್ಟರ್, ಟ್ಯಾಂಕ್ ಅಲ್ಲ. ಹಿಂಬದಿಯ ತೆರೆದ ವೇದಿಕೆಯ ಮೇಲಿನ ಸಿಬ್ಬಂದಿಗೆ ತೋಪಿನ ಮುಂದಿನ ಗುರಾಣಿಯೊಂದನ್ನು ಬಿಟ್ಟರೆ ಮರೆಯೇ ಇರಲಿಲ್ಲ; ಬದಿಯಿಂದ ಬಂದ ಒಂದು ಮೆಷಿನ್‌ಗನ್ ಅವರನ್ನು ಚದುರಿಸಲು ಸಾಕಾಗಿತ್ತು. ಹಾಗಾಗಿ ಎದುರಿನಿಂದ ನುಗ್ಗುವುದನ್ನು ಬಿಟ್ಟು ಪಕ್ಕದಿಂದ ಸುತ್ತಿಕೊಂಡು ಹೋಗಿ.

ಪ್ರಶ್ನೆ: ಇದೇ ವಾಹನದ ಕವಚವಿರುವ ಕ್ಯಾಬಿನ್ ಮಾದರಿಯನ್ನು ಕಡು ಬೂದು ಬಣ್ಣದಲ್ಲಿ ಬಳಿಯಬಹುದೇ?

ಉತ್ತರ: ಬೇಡ. ಕವಚದ ಕ್ಯಾಬಿನ್ ಯುದ್ಧದ ಉತ್ತರಾರ್ಧದ್ದು. 1943ರ ಫೆಬ್ರವರಿಯಲ್ಲಿಯೇ ಜರ್ಮನ್ ಸೇನೆಯು ಬೂದು ಬಣ್ಣವನ್ನು ಕೈಬಿಟ್ಟು ಕಡು ಹಳದಿಯನ್ನು ಮೂಲ ಬಣ್ಣವಾಗಿ ಗೊತ್ತುಪಡಿಸಿತ್ತು. ಅದರ ಮೇಲೆ ಹಸಿರು ಮತ್ತು ಕಂದು ಪಟ್ಟೆಗಳನ್ನು ನಿಮ್ಮ ಇಷ್ಟದಂತೆ ಎಳೆದುಕೊಳ್ಳಬಹುದು. ಬಣ್ಣಕ್ಕಿಂತ ಮೊದಲು ಇನ್ನೊಂದನ್ನು ತೀರ್ಮಾನಿಸಿ: ತೋಪು ಗುಂಡು ಹಾರಿಸುವ ಭಂಗಿಯಲ್ಲಿದ್ದರೆ ವೇದಿಕೆಯ ಬದಿಯ ಹಲಗೆಗಳನ್ನು ಕೆಳಕ್ಕೆ ಮಡಚಿಯೇ ಅಂಟಿಸಬೇಕು, ಏಕೆಂದರೆ ಸಿಬ್ಬಂದಿ ನಿಂತು ಓಡಾಡುತ್ತಿದ್ದುದು ಅವುಗಳ ಮೇಲೆಯೇ.