ಪ್ಲೇಆಫ್‌ನಲ್ಲಿ ಎಳೆಯ ಪಿಚರ್‌ಗೆ ಚೆಂಡು ಕೊಡಬೇಕೋ, ಕೂರಿಸಬೇಕೋ?

ಬೇಸ್‌ಬಾಲ್ ಬಗ್ಗೆ ನೀವು ಕೇಳಿರುವುದು ಎರಡು ಪ್ರಶ್ನೆ. ವಾಷಿಂಗ್ಟನ್ ನ್ಯಾಷನಲ್ಸ್ ತಂಡ 2012ರಲ್ಲಿ ತನ್ನ ಪಿಚರ್ (ಚೆಂಡು ಎಸೆಯುವ ಆಟಗಾರ) ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರನ್ನು ಪ್ಲೇಆಫ್‌ಗೆ, ಅಂದರೆ ಸೀಸನ್ ಮುಗಿದ ಮೇಲಿನ ನಾಕೌಟ್ ಸುತ್ತಿಗೆ, ಮುಂಚೆಯೇ ಕೂರಿಸಿತು. ಟೊರಾಂಟೊ ಬ್ಲೂ ಜೇಸ್ 2025ರಲ್ಲಿ 22 ವರ್ಷದ ಟ್ರೇ ಯೆಸಾವೇಜ್ ಕೈಗೆ ಪ್ಲೇಆಫ್‌ನ ಫೈನಲ್ ಆದ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯವನ್ನೇ ಕೊಟ್ಟಿತು. ಇದರಲ್ಲಿ ಯಾರು ಸರಿ ಅನ್ನುವುದು ಮೊದಲನೆಯದು. ನ್ಯೂಜೆರ್ಸಿಯಲ್ಲಿರುವ ನಿಮ್ಮ ಅಕ್ಕನ ಮಗನಿಗೆ 14 ವರ್ಷ, ಟೂರ್ನಮೆಂಟ್‌ನಲ್ಲಿ ಶನಿವಾರ, ಭಾನುವಾರ ಎರಡೂ ದಿನ ಅವನೇ ಪಿಚ್ ಮಾಡಲಿ ಎಂದು ಕೋಚ್ ಹೇಳುತ್ತಿದ್ದಾರೆ, ಒಪ್ಪಬಹುದಾ ಅನ್ನುವುದು ಎರಡನೆಯದು.

ನಾನು ಟೊರಾಂಟೊದಲ್ಲಿದ್ದೇನೆ, ಬ್ಲೂ ಜೇಸ್ ಅಭಿಮಾನಿ. ಹಾಗಾಗಿ ಯೆಸಾವೇಜ್ ವಿಷಯ ಬಂದಾಗ ನನ್ನ ಮಾತಿಗೆ ಸ್ವಲ್ಪ ಉಪ್ಪು ಹುಳಿ ಸೇರಿರುತ್ತದೆ, ನೋಡಿಕೊಳ್ಳಿ. ವಾರಾಂತ್ಯದಲ್ಲಿ ಮಕ್ಕಳ ಲೀಗ್‌ನಲ್ಲಿ ಪಿಚ್, ಅಂದರೆ ಎಸೆತ, ಎಣಿಸುವ ಕೆಲಸಕ್ಕೂ ಕೂರುತ್ತೇನೆ. ಎರಡೂ ಕಡೆ ನೋಡಿದ ಮೇಲೆ ನನಗೆ ಅನ್ನಿಸುವುದು ಇಷ್ಟು. ಅಕ್ಟೋಬರ್‌ನಲ್ಲಿ ಹುಡುಗನನ್ನು ಆಡಿಸಬೇಕಾ ಬೇಡವಾ ಎಂಬುದಕ್ಕೆ ಸೀಸನ್ ಶುರುವಾಗುವ ಏಪ್ರಿಲ್‌ನಲ್ಲೇ ಲೆಕ್ಕ ಹಾಕಿರಬೇಕು. ಇನ್ನು ಪಂದ್ಯದ ನಡುವೆ ಚೆಂಡು ವಾಪಸ್ ಇಸ್ಕೊಂಡು ಪಿಚರ್‌ನನ್ನು ಹೊರಗೆ ಕರೆಯುವ ತೀರ್ಮಾನವನ್ನು ಆ ಹುಡುಗನಿಗೇ ಬಿಡಬಾರದು.

ಸ್ಟ್ರಾಸ್‌ಬರ್ಗ್ ಕಥೆ ನೋಡಿ. 2010ರಲ್ಲಿ ಅವರ ಮೊಣಕೈ ಲಿಗಮೆಂಟ್ ಹರಿದು ಟಾಮಿ ಜಾನ್ ಸರ್ಜರಿ ಆಯಿತು. 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲ ಸಲ ಇದನ್ನು ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ, ಹೆಸರು ಹಾಗೇ ಉಳಿಯಿತು. ದೇಹದ ಬೇರೆ ಕಡೆಯಿಂದ ಟೆಂಡನ್ ತೆಗೆದು ಮೊಣಕೈಯಲ್ಲಿ ಕೂರಿಸುತ್ತಾರೆ. ಮತ್ತೆ ಪೂರ್ತಿ ಬಲದಲ್ಲಿ ಎಸೆಯಲು ವರ್ಷ, ಒಂದೂವರೆ ವರ್ಷ ಬೇಕು. 2012 ಸ್ಟ್ರಾಸ್‌ಬರ್ಗ್ ಅವರಿಗೆ ವಾಪಸ್ ಬಂದ ಮೇಲಿನ ಮೊದಲ ಪೂರ್ತಿ ಸೀಸನ್, ವಯಸ್ಸು 24. ಜನರಲ್ ಮ್ಯಾನೇಜರ್ ಮೈಕ್ ರಿಝೋ ಮಿತಿ ಹಾಕಿ, 159 ಇನ್ನಿಂಗ್ಸ್ ಚಿಲ್ಲರೆ (ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್) ಆದಾಗ ಸೆಪ್ಟೆಂಬರ್ ಮೊದಲ ವಾರದಲ್ಲೇ ನಿಲ್ಲಿಸಿಬಿಟ್ಟರು. ತಂಡ 98 ಪಂದ್ಯ ಗೆದ್ದು ನ್ಯಾಷನಲ್ ಲೀಗ್‌ನಲ್ಲಿ ಎಲ್ಲರಿಗಿಂತ ಮೇಲಿತ್ತು. ಆಮೇಲೆ ಪ್ಲೇಆಫ್‌ನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಎದುರು ಐದನೇ ಪಂದ್ಯದಲ್ಲಿ 6-0 ಮುಂದಿದ್ದು 9-7ಕ್ಕೆ ಸೋತರು. ಇವತ್ತಿಗೂ ಈ ಜಗಳ ಮುಗಿದಿಲ್ಲ.

ನಿಲ್ಲಿಸಿದ್ದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ನಿಲ್ಲಿಸಿದ ಸಮಯ ತಪ್ಪು. ಸುಮಾರು 160 ಇನ್ನಿಂಗ್ಸ್ ಅಷ್ಟೇ ಇದೆ ಅಂತ ಫೆಬ್ರವರಿಯಲ್ಲೇ ಗೊತ್ತಿದ್ದರೆ, ಅದನ್ನು ಏಪ್ರಿಲ್‌ನಿಂದ ಎಡೆಬಿಡದೆ ಯಾಕೆ ಖರ್ಚು ಮಾಡಬೇಕು? ಮೇ ತಿಂಗಳಿನಿಂದ ಶುರು ಮಾಡಬಹುದಿತ್ತು. ನಡುವೆ ಕೆಲವು ಸರದಿ ತಪ್ಪಿಸಬಹುದಿತ್ತು. 162 ಪಂದ್ಯಗಳ ಸೀಸನ್‌ನಲ್ಲಿ ಏಪ್ರಿಲ್‌ನ ಒಂದು ಮಂಗಳವಾರದ ಪಂದ್ಯಕ್ಕೆ ಏನು ಬೆಲೆ?

ಅದೇ ವರ್ಷ ಅಟ್ಲಾಂಟಾ ಬ್ರೇವ್ಸ್ ಮಾಡಿದ್ದು ಅದನ್ನೇ. ಕ್ರಿಸ್ ಮೆಡ್ಲೆನ್ ಅವರಿಗೂ 2010ರಲ್ಲೇ ಇದೇ ಸರ್ಜರಿ ಆಗಿತ್ತು, ಸ್ಟ್ರಾಸ್‌ಬರ್ಗ್‌ಗಿಂತ ಸ್ವಲ್ಪ ಮುಂಚೆ. ಬ್ರೇವ್ಸ್ ಅವರನ್ನು ಜುಲೈ ಕೊನೆಯವರೆಗೂ ಬುಲ್‌ಪೆನ್‌ನಲ್ಲಿಟ್ಟು (ಪಂದ್ಯದ ನಡುವೆ ಇಳಿಯುವ ಬದಲಿ ಪಿಚರ್‌ಗಳ ಜಾಗ), ಒಂದೋ ಎರಡೋ ಇನ್ನಿಂಗ್ಸ್ ಮಾತ್ರ ಎಸೆಸಿದರು. ಆಮೇಲೆ ಸ್ಟಾರ್ಟರ್, ಅಂದರೆ ಪಂದ್ಯ ಶುರು ಮಾಡುವ ಪಿಚರ್, ಮಾಡಿದರು. ಆ ಸೀಸನ್ 138 ಇನ್ನಿಂಗ್ಸ್, 10 ಗೆಲುವು, 1 ಸೋಲು. ಅಕ್ಟೋಬರ್‌ನಲ್ಲಿ ಪ್ಲೇಆಫ್‌ನ ಮೊದಲ ಮೆಟ್ಟಿಲಾದ ವೈಲ್ಡ್ ಕಾರ್ಡ್ ಪಂದ್ಯಕ್ಕೆ ಕೈ ಸಿದ್ಧವಾಗಿತ್ತು. ಪಂದ್ಯ ಸೋತರು, ಅದು ಬೇರೆ ಮಾತು. 2014ರಲ್ಲಿ ಮೆಡ್ಲೆನ್‌ಗೆ ಎರಡನೇ ಸಲ ಅದೇ ಸರ್ಜರಿ ಆಯಿತು ಅನ್ನುವುದನ್ನೂ ಹೇಳಬೇಕು. ಅತ್ತ, ಜೋಪಾನ ಮಾಡಿದ್ದ ಸ್ಟ್ರಾಸ್‌ಬರ್ಗ್ 2019ರ ಪ್ಲೇಆಫ್‌ನಲ್ಲಿ ಐದಕ್ಕೆ ಐದೂ ಗೆದ್ದು ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರ ಆದರು. ಅದಾದ ಮೇಲೆ 24.5 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿ ಆಡಿದ್ದು ಎಂಟೇ ಪಂದ್ಯ. ಇನ್ನಿಂಗ್ಸ್ ಮಿತಿ ಹಾಕಿದರೆ ಕೈ ಉಳಿಯುತ್ತದೆ ಎಂದು ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ. 25ರೊಳಗಿನ ಪಿಚರ್ ಹಿಂದಿನ ವರ್ಷಕ್ಕಿಂತ 30 ಇನ್ನಿಂಗ್ಸ್ ಜಾಸ್ತಿ ಎಸೆದರೆ ಅಪಾಯ ಎಂಬ ಒಂದು ಸೂತ್ರ ಬಹಳ ಕಾಲ ಓಡಾಡಿತು. ಅಂಕಿ ಅಂಶ ಹಿಡಿದು ನೋಡಿದವರಿಗೆ ಅದು ಅಷ್ಟೇನೂ ನಿಲ್ಲಲಿಲ್ಲ.

ಹಾಗಾದರೆ ಏನನ್ನು ನೋಡಬೇಕು? ದಣಿವನ್ನು. ಎಳೆಯ ಪಿಚರ್‌ಗಳ ಮೇಲೆ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಕೈ ದಣಿದಿದ್ದರೂ ಎಸೆಯುವ ರೂಢಿ ಇದ್ದ ಹುಡುಗರಿಗೆ ಸರ್ಜರಿ ಬೇಕಾಗುವ ಸಾಧ್ಯತೆ 36 ಪಟ್ಟು ಜಾಸ್ತಿ ಎಂದು ಅದರಲ್ಲಿ ಕಂಡುಬಂತು. ಪಂದ್ಯದಲ್ಲಿ 80ಕ್ಕಿಂತ ಹೆಚ್ಚು ಪಿಚ್ ಎಸೆದವರಿಗೆ ಅಪಾಯ ಸುಮಾರು ನಾಲ್ಕು ಪಟ್ಟು ಅಷ್ಟೇ. ಅಂದರೆ ಎಷ್ಟು ಎಸೆದ ಅನ್ನುವುದಕ್ಕಿಂತ, ಎಸೆಯುವಾಗ ಹೇಗಿದ್ದ ಅನ್ನುವುದು ದೊಡ್ಡದು. ವೇಗ ಇಳಿಯುತ್ತಿದೆಯಾ, ಚೆಂಡು ಬಿಡುವಾಗ ಕೈ ಕೆಳಗೆ ಜಾರುತ್ತಿದೆಯಾ, ಫಾಸ್ಟ್‌ಬಾಲ್ ಕ್ಯಾಚರ್ (ಎದುರಿಗೆ ಕೂತು ಚೆಂಡು ಹಿಡಿಯುವವನು) ಕೇಳಿದ ಜಾಗ ಬಿಟ್ಟು ಮೇಲೆ ಮೇಲೆ ಹೋಗುತ್ತಿದೆಯಾ. ಡಗ್‌ಔಟ್‌ನಲ್ಲಿ ಕೂತವರು ನೋಡುವುದು ಇವನ್ನೇ.

ಚೆಂಡು ಇಸ್ಕೊಳ್ಳುವ ಮಾತಿಗೆ 2015ರ ಮ್ಯಾಟ್ ಹಾರ್ವಿ ಸಾಕು. ನ್ಯೂಯಾರ್ಕ್ ಮೆಟ್ಸ್, ವರ್ಲ್ಡ್ ಸೀರೀಸ್, ಐದನೇ ಪಂದ್ಯ. ಅವರದ್ದೂ ಟಾಮಿ ಜಾನ್ ಆದ ಮೊಣಕೈ. ಎಂಟು ಇನ್ನಿಂಗ್ಸ್ ಒಂದೂ ರನ್ ಕೊಡದೆ ಎಸೆದರು, ತಂಡ 2-0 ಮುಂದಿತ್ತು. ಮ್ಯಾನೇಜರ್ ಟೆರಿ ಕಾಲಿನ್ಸ್ ಸಾಕು ಅಂದಿದ್ದರು. ಹಾರ್ವಿ ಒಪ್ಪಲಿಲ್ಲ, ಒಂಬತ್ತನೇ ಇನ್ನಿಂಗ್ಸ್ ನಾನೇ ಎಂದು ಹಟ ಹಿಡಿದರು. ಜನ ಅವರ ಹೆಸರು ಕೂಗುತ್ತಿದ್ದರು. ಕಾಲಿನ್ಸ್ ಮನಸ್ಸು ಕರಗಿತು. ಒಂದು ವಾಕ್ (ತಪ್ಪು ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್), ಒಂದು ಡಬಲ್ (ಎರಡು ಬೇಸ್ ತರುವ ಹೊಡೆತ), ಆಮೇಲೆ ಬಂದ ರಿಲೀವರ್ (ಬದಲಿ ಪಿಚರ್) ಎದುರು ಸ್ಕೋರ್ ಸಮ. 12ನೇ ಇನ್ನಿಂಗ್ಸ್‌ನಲ್ಲಿ ಕಾನ್ಸಾಸ್ ಸಿಟಿ ರಾಯಲ್ಸ್ ಗೆದ್ದು ಸೀರೀಸ್ ಮುಗಿಸಿದರು. ಆ ವರ್ಷ ಹಾರ್ವಿ ಪ್ಲೇಆಫ್ ಸೇರಿ ಎಸೆದದ್ದು 216 ಇನ್ನಿಂಗ್ಸ್. ಮುಂದಿನ ಜುಲೈನಲ್ಲಿ ಭುಜದ ಹತ್ತಿರ ಇನ್ನೊಂದು ಸರ್ಜರಿ. ಅದಕ್ಕೂ ಇದಕ್ಕೂ ನೇರ ಗಂಟು ಹಾಕಲು ನಾನು ಡಾಕ್ಟರ್ ಅಲ್ಲ. ಆದರೆ 26ರ ಹುಡುಗ ಆ ರಾತ್ರಿ ಬೇಡ ಅನ್ನುತ್ತಾನಾ? ಅನ್ನುವುದಿಲ್ಲ. ಅನ್ನುವ ಸ್ವಭಾವದವನಾಗಿದ್ದರೆ ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲ. ಅದಕ್ಕೇ ಅವನನ್ನು ಕೇಳಬಾರದು ಅಂದಿದ್ದು.

ಪ್ಲೇಆಫ್ ಲೆಕ್ಕದಲ್ಲಿ ಇನ್ನೊಂದು ಅನುಕೂಲ ಇದೆ. ಸೀಸನ್‌ನಲ್ಲಿ ದಿನಾ ಪಂದ್ಯ ಇರುವುದರಿಂದ ಐದು ಸ್ಟಾರ್ಟರ್ ಬೇಕು. ಪ್ಲೇಆಫ್‌ನಲ್ಲಿ ಊರು ಬದಲಿಸುವಾಗ ರಜೆ ಬರುತ್ತದೆ, ನಾಲ್ಕು ಜನ ಸಾಕು, ಎಷ್ಟೋ ಸಲ ಮೂರೇ. ಉಳಿದ ಎಳೆಯರು ಬುಲ್‌ಪೆನ್‌ಗೆ ಹೋಗುತ್ತಾರೆ. ಅಲ್ಲಿ ಅವರಿಗೆ ಆಟ ಸುಲಭ. ಒಬ್ಬ ಬ್ಯಾಟರ್ ಒಂದೇ ಸಲ ಎದುರಾಗುತ್ತಾನೆ, ಎರಡು ಒಳ್ಳೆಯ ಪಿಚ್ ಇದ್ದರೆ ನಡೆಯುತ್ತದೆ. ಸ್ಟಾರ್ಟರ್ ಆದರೆ ಅದೇ ಬ್ಯಾಟರ್ ಮೂರನೇ ಸಲ ಬರುವ ಹೊತ್ತಿಗೆ ಎಲ್ಲವನ್ನೂ ನೋಡಿರುತ್ತಾನೆ. 2002ರಲ್ಲಿ ಏಂಜಲ್ಸ್ ತಂಡದ 20 ವರ್ಷದ ಫ್ರಾನ್ಸಿಸ್ಕೋ ರೊಡ್ರಿಗೆಜ್ ಸೆಪ್ಟೆಂಬರ್‌ನಲ್ಲಿ ಬಂದು ಐದೇ ಪಂದ್ಯ ಆಡಿ, ಪ್ಲೇಆಫ್‌ನಲ್ಲಿ ರಿಲೀವರ್ ಆಗಿ ಐದು ಗೆಲುವು ಬರೆಸಿಕೊಂಡರು. 2008ರಲ್ಲಿ ಟ್ಯಾಂಪಾ ಬೇಯ ಡೇವಿಡ್ ಪ್ರೈಸ್ ಕೂಡ ಹೀಗೇ ಸೆಪ್ಟೆಂಬರ್‌ನಲ್ಲಿ ಬಂದು, ಬಾಸ್ಟನ್ ಎದುರು ಏಳನೇ ಪಂದ್ಯದ ಕೊನೆಯ ಔಟ್‌ಗಳನ್ನು ತೆಗೆದರು.

ಆದರೆ ಬುಲ್‌ಪೆನ್‌ನಲ್ಲಿ ಟಿವಿಗೆ ಕಾಣದ ಒಂದು ಖರ್ಚು ಇದೆ. ಫೋನ್ ಬರುತ್ತದೆ, ಹುಡುಗ ಎದ್ದು ಇಪ್ಪತ್ತು ಮೂವತ್ತು ಎಸೆದು ಬಿಸಿಯಾಗುತ್ತಾನೆ, ಕರೆಯುವುದಿಲ್ಲ, ಕೂರುತ್ತಾನೆ. ಎರಡು ಇನ್ನಿಂಗ್ಸ್ ಆದ ಮೇಲೆ ಮತ್ತೆ ಏಳುತ್ತಾನೆ. ಬೋರ್ಡ್‌ನಲ್ಲಿ ಅವನ ಲೆಕ್ಕ ಸೊನ್ನೆ. ಕೈಗೆ ಸೊನ್ನೆ ಅಲ್ಲ. ಜೀವನವಿಡೀ ಸ್ಟಾರ್ಟರ್ ಆಗಿ ಬೆಳೆದವನಿಗೆ ಇದು ಅಭ್ಯಾಸವೂ ಇರುವುದಿಲ್ಲ. ಎಳೆಯನನ್ನು ಬುಲ್‌ಪೆನ್‌ಗೆ ಹಾಕಿದರೆ ನನ್ನದು ಒಂದೇ ನಿಯಮ: ಒಮ್ಮೆ ಎಬ್ಬಿಸಿದರೆ ಆಡಿಸಿ, ಇಲ್ಲದಿದ್ದರೆ ಆ ದಿನಕ್ಕೆ ಬಿಟ್ಟುಬಿಡಿ.

ಈಗ ಯೆಸಾವೇಜ್. 2025 ಅವರ ಮೊದಲ ವೃತ್ತಿಪರ ಸೀಸನ್. ಏಪ್ರಿಲ್‌ನಲ್ಲಿ ತೀರಾ ಕೆಳಗಿನ ಹಂತದ ಡನೀಡನ್ ತಂಡದಲ್ಲಿದ್ದರು. ಒಂದೊಂದೇ ಮೆಟ್ಟಿಲು ಹತ್ತಿ ಸೆಪ್ಟೆಂಬರ್ 15ಕ್ಕೆ ಟೊರಾಂಟೊ ತಂಡದಲ್ಲಿ ಮೊದಲ ಪಂದ್ಯ ಆಡಿದರು. ಪ್ಲೇಆಫ್‌ಗೆ ಮುಂಚೆ ಮೇಜರ್ ಲೀಗ್‌ನಲ್ಲಿ ಆಡಿದ್ದು ಮೂರೇ ಪಂದ್ಯ. ಇಲ್ಲಿ ಎಲ್ಲರೂ ಮಾತಾಡುವುದು ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯದ ಬಗ್ಗೆ: ಏಳು ಇನ್ನಿಂಗ್ಸ್, 12 ಸ್ಟ್ರೈಕ್‌ಔಟ್ (ಹೊಡೆಯಲಾಗದೆ ಬ್ಯಾಟರ್ ಔಟ್), ಒಂದೂ ವಾಕ್ ಇಲ್ಲ, ವರ್ಲ್ಡ್ ಸೀರೀಸ್‌ನಲ್ಲಿ ಹೊಸಬರ ದಾಖಲೆ. ನನಗೆ ಅದಕ್ಕಿಂತ ಹಿಡಿಸಿದ್ದು ಅದೇ ಪ್ಲೇಆಫ್‌ನಲ್ಲಿ ಅದಕ್ಕೂ ಮುಂಚೆ ನಡೆದ ನ್ಯೂಯಾರ್ಕ್ ಯಾಂಕೀಸ್ ಎದುರಿನ ಪಂದ್ಯ. ಐದು ಇನ್ನಿಂಗ್ಸ್ ಮೇಲೆ ಒಂದು ಔಟ್, 11 ಸ್ಟ್ರೈಕ್‌ಔಟ್, ಒಂದೂ ಹಿಟ್ ಕೊಟ್ಟಿಲ್ಲ, ತಂಡ 12-0 ಮುಂದೆ. ಆಗಲೇ ಮ್ಯಾನೇಜರ್ ಜಾನ್ ಶ್ನೈಡರ್ ಹೊರಗೆ ಬಂದು ಚೆಂಡು ಇಸ್ಕೊಂಡರು. ಮನೆಯಲ್ಲಿ ನಾನೂ ಅಯ್ಯೋ ಅಂದೆ. ರಿಲೀವರ್‌ಗಳು ಏಳು ರನ್ ಕೊಟ್ಟು ಪಂದ್ಯ 13-7ಕ್ಕೆ ಮುಗಿಯಿತು. ಆದರೆ ಅಲ್ಲಿ ಉಳಿದ ಪಿಚ್‌ಗಳಿಂದಲೇ ಅಕ್ಟೋಬರ್ ಕೊನೆಯಲ್ಲಿ ಏಳು ಇನ್ನಿಂಗ್ಸ್ ಹೊರಟಿದ್ದು ಎಂದು ನಾನು ನಂಬುತ್ತೇನೆ. ಗೆಲುವು ಜೇಬಿನಲ್ಲಿದ್ದಾಗ ಉಳಿಸಬೇಕು.

ಒಂದೇ ಒಂದು ತಕರಾರು ಇದೆ. ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯದಲ್ಲಿ ನೂರು ಪಿಚ್ ದಾಟಿ ಎಸೆದ ಹುಡುಗನನ್ನು ಎರಡೇ ದಿನದ ವಿಶ್ರಾಂತಿ ಕೊಟ್ಟು ಏಳನೇ ಪಂದ್ಯದಲ್ಲಿ ರಿಲೀವರ್ ಆಗಿ ಇಳಿಸಿದರು. ಎಂಟನೇ ಇನ್ನಿಂಗ್ಸ್‌ನಲ್ಲಿ ಎದುರಾಳಿ ಲಾಸ್ ಏಂಜಲೀಸ್ ಡಾಜರ್ಸ್‌ನ ಮ್ಯಾಕ್ಸ್ ಮನ್ಸಿ ಹೋಮ್ ರನ್ ಹೊಡೆದು ನಮ್ಮ ಮುನ್ನಡೆಯನ್ನು 4-3ಕ್ಕೆ ಇಳಿಸಿದರು. ಕೊನೆಗೆ 11ನೇ ಇನ್ನಿಂಗ್ಸ್‌ನಲ್ಲಿ ಡಾಜರ್ಸ್ 5-4ಕ್ಕೆ ಗೆದ್ದರು. ವರ್ಷದ ಕೊನೆಯ ಪಂದ್ಯ, ಸರಿ, ಅರ್ಥವಾಗುತ್ತದೆ. ಆದರೂ ನಾನಾಗಿದ್ದರೆ ಇಳಿಸುತ್ತಿರಲಿಲ್ಲ.

ಅತ್ತ ಡಾಜರ್ಸ್ ಕಡೆ ಪಿಚಿಂಗ್ ಕೋಚ್ ಆಗಿದ್ದವರು ಮಾರ್ಕ್ ಪ್ರಯರ್. 2003ರಲ್ಲಿ ಅವರು ಶಿಕಾಗೋ ಕಬ್ಸ್‌ನ 23 ವರ್ಷದ ಪಿಚರ್. ಸೆಪ್ಟೆಂಬರ್‌ನಲ್ಲಿ ಮತ್ತೆ ಮತ್ತೆ 120ಕ್ಕಿಂತ ಹೆಚ್ಚು ಪಿಚ್ ಎಸೆಸಿದ್ದರು. 25ಕ್ಕೆ ಅವರ ಮೇಜರ್ ಲೀಗ್ ಆಟ ಮುಗಿದುಹೋಯಿತು. ಅದೇ ಡಾಜರ್ಸ್ ತಂಡದಲ್ಲಿ 23ರ ರೋಕಿ ಸಸಾಕಿ ಇದ್ದರು. ಭುಜದ ನೋವಿನಿಂದ ತಿಂಗಳುಗಟ್ಟಲೆ ಹೊರಗಿದ್ದವರನ್ನು ಪ್ಲೇಆಫ್‌ನಲ್ಲಿ ಸ್ಟಾರ್ಟರ್ ಮಾಡದೆ ಕೊನೆಯ ಇನ್ನಿಂಗ್ಸ್‌ಗಳಿಗೆ ಬಳಸಿದರು.

ಸಸಾಕಿ ವಿಷಯದಲ್ಲಿ ನಿಮ್ಮ ಅಕ್ಕನಿಗೆ ಹೇಳಬೇಕಾದ ಕಥೆಯೂ ಇದೆ. 2019ರ ಜುಲೈ, ಜಪಾನ್‌ನ ಇವಾಟೆ ಪ್ರಾಂತ್ಯದ ಹೈಸ್ಕೂಲ್ ಫೈನಲ್. ಗೆದ್ದರೆ ಕೋಶಿಯೆನ್ ಎಂಬ ರಾಷ್ಟ್ರೀಯ ಟೂರ್ನಮೆಂಟ್, ಅಲ್ಲಿನ ಹುಡುಗರಿಗೆ ಅದಕ್ಕಿಂತ ದೊಡ್ಡದಿಲ್ಲ. ಸಸಾಕಿಯ ಒಫುನಾಟೊ ಶಾಲೆ ಅಲ್ಲಿಗೆ ಹೋಗಿ 35 ವರ್ಷ ಆಗಿತ್ತು. ಹಿಂದಿನ ದಿನ ಸೆಮಿಫೈನಲ್‌ನಲ್ಲಿ ಅವನು 129 ಪಿಚ್ ಎಸೆದಿದ್ದ. ಕೋಚ್ ಫೈನಲ್‌ಗೆ ಇಳಿಸಲೇ ಇಲ್ಲ. ಶಾಲೆ 12-2ಕ್ಕೆ ಸೋತಿತು, ಬೈಯುವವರ ಫೋನ್‌ಗಳು ಬಂದವು. ಆ ಕೋಚ್ ಮಾಡಿದ್ದು ನೂರಕ್ಕೆ ನೂರು ಸರಿ.

ನಿಮ್ಮ ಅಕ್ಕನ ಮಗನ ಕೋಚ್ ಡಾಜರ್ಸ್ ಪಿಚರ್ ಯೊಶಿನೊಬು ಯಮಾಮೊಟೊ ಹೆಸರು ಎತ್ತಬಹುದು. 2025ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯದಲ್ಲಿ 96 ಪಿಚ್ ಎಸೆದು, ಮರುದಿನವೇ ಏಳನೇ ಪಂದ್ಯವನ್ನೂ ಮುಗಿಸಿಕೊಟ್ಟರಲ್ಲ ಅಂತ. ಅವರಿಗೆ 27, ಮೂಳೆ ಬೆಳೆದು ಮುಗಿದಿದೆ, ಮರುದಿನದಿಂದ ತಿಂಗಳುಗಟ್ಟಲೆ ರಜೆ. 14ರ ಮೊಣಕೈಯಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ.

ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಮಾಡಿದ ಪಿಚ್ ಸ್ಮಾರ್ಟ್ ಎಂಬ ಸೂಚನೆಗಳಿವೆ. 13-14ರ ವಯಸ್ಸಿಗೆ ದಿನಕ್ಕೆ ಹೆಚ್ಚೆಂದರೆ 95 ಪಿಚ್. 20ರವರೆಗೆ ಎಸೆದರೆ ಮರುದಿನ ಎಸೆಯಬಹುದು. 21ರಿಂದ 35 ಆದರೆ ಒಂದು ದಿನ ಬಿಡುವು, 50ರವರೆಗೆ ಎರಡು ದಿನ, 65ರವರೆಗೆ ಮೂರು, ಅದನ್ನೂ ದಾಟಿದರೆ ನಾಲ್ಕು. ಅಂದರೆ ಶನಿವಾರ 20ಕ್ಕೆ ನಿಲ್ಲಿಸಿದರೆ ಮಾತ್ರ ಭಾನುವಾರದ ಮಾತು. ಕೋಚ್‌ಗೆ ಜಗಳದ ಧಾಟಿಯಲ್ಲಿ ಹೇಳಬೇಕಿಲ್ಲ. ಈ ಪಟ್ಟಿ ತೋರಿಸಿ, ಯಾವ ದಿನ ಬೇಕು ನೀವೇ ಆರಿಸಿ ಅಂದರೆ ಸಾಕು. ಪಿಚ್ ಮಾಡಿ ಬಂದವನನ್ನು ಅದೇ ದಿನ ಕ್ಯಾಚರ್ ಮಾಡಿ ಕೂರಿಸುವುದು ಬೇಡ, ಅಲ್ಲೂ ಕೈಗೆ ಎಸೆತ ತಪ್ಪುವುದಿಲ್ಲ. ಅವನು ಶಾಲೆಯ ತಂಡಕ್ಕೂ ಟ್ರಾವೆಲ್ ತಂಡಕ್ಕೂ ಆಡುತ್ತಿದ್ದರೆ ಒಬ್ಬ ಕೋಚ್‌ಗೆ ಇನ್ನೊಬ್ಬರ ಲೆಕ್ಕ ಗೊತ್ತಿರುವುದಿಲ್ಲ. ಅದನ್ನು ಬರೆದಿಡುವವರು ಮನೆಯವರೇ. ಮೊಣಕೈಯ ಒಳಬದಿ ನೋವು ಅಂದರೆ ಆ ಟೂರ್ನಮೆಂಟ್ ಅಲ್ಲಿಗೆ ಮುಗಿಯಿತು, ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲಿ.